ಮೆಟ್ಟಿಲೊಳಗೆ ಒಂದು ಗೇಣು

"ಏನಾದ್ರೂ ಸಿಕ್ತಾ ಮೇಡಮ್ಮ?"

ಬೆನ್ನ ಹಿಂದಿನಿಂದ ಬಂದ ಸಿದ್ದಲಕ್ಷ್ಮಮ್ಮನವರ ಪ್ರಶ್ನೆಗೆ ಉತ್ತರ ಕೊಡುವ ಸ್ಥಿತಿಯಲ್ಲಿ ಉಮಾಮಹೇಶ್ವರಿ ಇರಲಿಲ್ಲ. ಅವರ ಎಡಗೆನ್ನೆ ನೆಲಕ್ಕೆ ಒತ್ತಿಕೊಂಡಿತ್ತು. ಬಲಗೈ ಭುಜದವರೆಗೆ ಮೆಟ್ಟಿಲ ಕೆಳಗಿನ ಡ್ರಾಯರಿನೊಳಗಿತ್ತು. ಮಹಿಳಾ ಪೊಲೀಸಾಗಿ ದುಡಿದು ನಿವೃತ್ತಿಯಾದ ಮೇಲೆ ಖಾಸಗಿಯಾಗಿ ಪತ್ತೆ ಕೆಲಸಕ್ಕಿಳಿದಾಗ, ಈ ವಯಸ್ಸಿನಲ್ಲಿ ಯಾರದೋ ಮನೆಯ ನೆಲದ ಮೇಲೆ ಹೀಗೆ ಮಲಗಬೇಕಾದೀತು ಎಂದು ಅವರು ಎಣಿಸಿರಲಿಲ್ಲ.

"ಕಳ್ಳ ಸಿಕ್ಕಿದ್ ಮೇಲೂ ಇನ್ನೇನ್ ಹುಡುಕೋದು ಅಂತ ನಂಗಂತೂ ತಿಳೀಲಿಲ್ಲ," ಎಂದರು ಸಿದ್ದಲಕ್ಷ್ಮಮ್ಮ.

ಗುಬ್ಬಿಯ ಈ ಹೊಸ ಮನೆಯಿಂದ ಅವರ ಕಾಸಿನ ಸರ ಕಾಣೆಯಾಗಿ ವಾರವಾಗಿತ್ತು. ಮನೆಯ ಮರಗೆಲಸ ಮಾಡಿದ ತುಮಕೂರಿನ ಇಸಾಕ್ ಸಾಬರ ಮಗ ಅಫ್ತಾಬ್ ಇವತ್ತು ಬೆಳಿಗ್ಗೆಯಿಂದ ಠಾಣೆಯಲ್ಲಿದ್ದ.

ಅವನು ಅಲ್ಲಿರುವುದು ಉಮಾಮಹೇಶ್ವರಿಯವರ ಒಂದು ಮಾತಿನಿಂದ. ಮೊನ್ನೆ ಇದೇ ಹಾಲಿನಲ್ಲಿ ಕೂತು, ಕಾಫಿ ಕುಡಿಯುತ್ತಾ, ಎಸ್‌ಐ ಅಂಜನ್‌ಗೆ ಅವರು ಹೇಳಿದ್ದರು: "ಮನೆಯವರಿಗೇ ಗೊತ್ತಿಲ್ಲದ ಜಾಗ ಅಂದ್ರೆ, ಕಟ್ಟಿದವರನ್ನ ಕೇಳಪ್ಪ." ಅಷ್ಟೇ. ಕೇಳಿ ಅಂದಿದ್ದರು, ಹಿಡಿದುಕೊಂಡು ಹೋಗಿ ಅಂದಿರಲಿಲ್ಲ. ಆದರೆ ಪೊಲೀಸರ ಕಿವಿಗೆ ಬಿದ್ದ ಮಾತು ಯಾವ ರೂಪ ತಾಳುತ್ತದೆ ಎಂದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಅವನು ಕೆಲಸಕ್ಕಿದ್ದ ಅಂತರಸನಹಳ್ಳಿಯ ಫ್ಯಾಕ್ಟರಿ ಗೇಟಿನಲ್ಲಿ, ಶಿಫ್ಟಿಗೆ ಬಂದವರೆಲ್ಲ ನೋಡುತ್ತಿರುವಾಗ, ಅಫ್ತಾಬ್‌ನನ್ನು ಬೈಕಿನಿಂದ ಇಳಿಸಿ ಜೀಪಿಗೆ ಹತ್ತಿಸಿದ್ದರು. ಸುದ್ದಿ ತಿಳಿದ ಕೂಡಲೇ ಉಮಾಮಹೇಶ್ವರಿ ಠಾಣೆಗೆ ಹೋಗಿದ್ದರು. "ಸಂಜೆಯೊಳಗೆ ಬೇರೆ ಏನಾದ್ರೂ ತೋರಿಸಿ ಮೇಡಂ," ಎಂದಿದ್ದ ಅಂಜನ್. "ಇಲ್ಲಾಂದ್ರೆ ಕೇಸಿಗೆ ಹೆಸರು ಸೇರಿಸಿ ನಾಳೆ ಕೋರ್ಟಿಗೆ ಕಳಿಸ್ಲೇಬೇಕು. ಮೇಲಿಂದ ಫೋನ್ ಮೇಲೆ ಫೋನ್."

ಒಮ್ಮೆ ಕೋರ್ಟಿಗೆ ಹೋದರೆ ಹುಡುಗನ ಫ್ಯಾಕ್ಟರಿ ಕೆಲಸ ಹೋಯಿತು. ಅಪ್ಪನ ಮರಗೆಲಸವೂ ಹೋಯಿತು. ಕಳ್ಳನ ಅಪ್ಪನನ್ನು ಯಾರು ಮನೆಯೊಳಗೆ ಬಿಟ್ಟುಕೊಳ್ಳುತ್ತಾರೆ?

ಡ್ರಾಯರಿನೊಳಗೆ ಬೆರಳುಗಳು ಹಿಂಬದಿಯ ಪ್ಲೈವುಡ್ಡಿಗೆ ತಾಗಿದವು. ನುಣುಪು. ಮೊಳೆಯ ತಲೆ ಕೂಡ ಕೈಗೆ ಸಿಗದ ಹಾಗೆ ಉಜ್ಜಿದ್ದರು.

ಉಮಾಮಹೇಶ್ವರಿ ಕೈ ತೆಗೆದು ಎದ್ದು ಕೂತರು. ಬೆರಳನ್ನು ಮೂಗಿನ ಹತ್ತಿರ ಹಿಡಿದರು.

"ಲಕ್ಷ್ಮಮ್ಮೋರೇ, ಇದರೊಳಗೆ ಸರದ ಜತೆ ಇನ್ನೇನಿತ್ತು?"

"ರೇಷ್ಮೆ ಸೀರೆಗಳು. ನನ್ನ ಧಾರೆ ಸೀರೆ, ನಮ್ಮತ್ತೆದು ಎರಡು. ಅದರ ಮೇಲೆ ಬಟ್ಟೇಲಿ ಸುತ್ತಿ ಸರ ಇಟ್ಟಿದ್ದೆ. ಸೀರೆ ಎಲ್ಲಾ ಹಂಗೇ ಇದ್ವು. ಸರ ಒಂದೇ ಹೋಗಿದ್ದು."

"ಸೀರೆ ಮಧ್ಯೆ ಎಣ್ಣೆ ಗಿಣ್ಣೆ ಇಟ್ಟಿದ್ರಾ?"

"ಅಯ್ಯೋ, ರೇಷ್ಮೆ ಹತ್ರ ಯಾರಾದ್ರೂ ಎಣ್ಣೆ ಇಡ್ತಾರಾ?"

ಇಡುವುದಿಲ್ಲ. ಆದರೂ ಬೆರಳಿಗೆ ಕಮಟು ಅಂಟಿಕೊಂಡಿತ್ತು. ಕಾದು ಕಾದು ಹಳಸಿದ ಎಣ್ಣೆಯ ವಾಸನೆ. ಅದರೊಳಗೆ ತುಸು ಮೆಣಸು.

ಉಮಾಮಹೇಶ್ವರಿ ಸುತ್ತ ನೋಡಿದರು. ಈ ಮನೆಗೆ ಬಂದಾಗಲೆಲ್ಲ ಅವರಿಗೆ ಬೆರಗು. ಮೂವತ್ತು ನಲವತ್ತರ ಸೈಟಿನಲ್ಲಿ ಕಟ್ಟಿದ ಮನೆ, ಆದರೆ ಒಂದು ಸಾಮಾನೂ ಕಣ್ಣಿಗೆ ಬೀಳುತ್ತಿರಲಿಲ್ಲ. ಕಿಟಕಿಯ ಕೆಳಗಿನ ಕಟ್ಟೆಯ ಹಲಗೆ ಎತ್ತಿದರೆ ಒಳಗೆ ರಾಗಿ. ಬಾಗಿಲ ಹಿಂದೆ ಗೋಡೆಗಂಟಿಕೊಂಡು ನಿಂತ ಇಸ್ತ್ರಿ ಹಲಗೆ. ಫ್ರಿಜ್ಜಿಗೂ ಗೋಡೆಗೂ ನಡುವೆ ನಾಲ್ಕು ಬೆರಳಗಲದ ಸಂದು. ಅಲ್ಲಿಂದ ಎಳೆದರೆ ಸಾರಿನ ಪುಡಿ, ಹುಳಿಪುಡಿ, ಚಟ್ನಿಪುಡಿಗಳ ಡಬ್ಬಿಗಳು ಸಾಲಾಗಿ ಉರುಳಿಕೊಂಡು ಬರುತ್ತಿದ್ದವು. ಬಚ್ಚಲುಮನೆಯ ತಾರಸಿ ತಗ್ಗಿಸಿ ಅದರ ಮೇಲೆ ಅಟ್ಟ, ಅಟ್ಟದಲ್ಲಿ ಹಬ್ಬದ ಪಾತ್ರೆಗಳು. ಮೆಟ್ಟಿಲ ಕೆಳಗಂತೂ ಕೇಳುವುದೇ ಬೇಡ. ಎತ್ತರವಿರುವ ಕಡೆ ಸಿಲಿಂಡರು, ಆಮೇಲೆ ಚಪ್ಪಲಿ, ಕೊನೆಯ ಮೊಳಕಾಲೆತ್ತರದ ಮೂಲೆಯಲ್ಲಿ ಈ ಗುಪ್ತ ಡ್ರಾಯರು. ಹೊರಗಿನಿಂದ ನೋಡಿದರೆ ಬರೀ ಗೋಡೆಯಂಚಿನ ಪಟ್ಟಿ. ಅಂಗೈಯಿಂದ ಒತ್ತಿದರೆ ಚಿಟಕ್ ಎಂದು ಹೊರಗೆ ಬರುತ್ತಿತ್ತು.

ಬೇರೆಯವರು ಮೂಲೆ ಎಂದು ಬಿಟ್ಟಿದ್ದನ್ನೆಲ್ಲ ಇಸಾಕ್ ಸಾಬರು ಮನೆಯ ಲೆಕ್ಕಕ್ಕೆ ಸೇರಿಸಿದ್ದರು. ಕಸ ಗುಡಿಸಿ ಸೇರಿಸುವಷ್ಟು ಜಾಗವನ್ನೂ ದಂಡ ಮಾಡುವ ಆಳಲ್ಲ.

ಆ ಯೋಚನೆ ಬಂದದ್ದೇ ತಡ, ಉಮಾಮಹೇಶ್ವರಿ ಮತ್ತೆ ಮಂಡಿಯೂರಿದರು.

ಮೊಣಕೈಯಿಂದ ಬೆರಳ ತುದಿಗೆ ಒಂದು ಮೊಳ. ಮೆಟ್ಟಿಲ ಅಗಲಕ್ಕೆ ಕೈ ಇಟ್ಟು ಅಳೆದರು. ಎರಡು ಮೊಳ. ಡ್ರಾಯರನ್ನು ಪೂರ್ತಿ ಎಳೆದು ಅದರ ಉದ್ದ ಅಳೆದರು. ಒಂದೂವರೆ. ಮತ್ತೊಮ್ಮೆ ಅಳೆದರು.

ಒಂದು ಗೇಣು ಎಲ್ಲಿ ಹೋಯಿತು?

"ಏನ್ ಮೇಡಮ್ಮ, ಅಂಗಡೀಲಿ ಬಟ್ಟೆ ಅಳೆದಂಗೆ ಅಳೀತಾ ಇದೀರಿ?"

"ನಿಮ್ ಮನೆ ಮೆಟ್ಟಿಲಿಗೆ ರವಿಕೆ ಹೊಲಿಸೋಣ ಅಂತ."

ಸಿದ್ದಲಕ್ಷ್ಮಮ್ಮ ನಗಲಿಲ್ಲ. ಮಹಡಿಯ ಕಡೆ ಕಿವಿಗೊಟ್ಟರು. "ತಾರಸಿ ಮ್ಯಾಲೆ ಕೊಬ್ಬರಿ ಒಣಗಾಕಿದೀನಿ. ಕೋತಿ ಬಂದಂಗೈತೆ. ಒಂದ್ ಗಳಿಗೆ ಬಂದೆ ಇರಿ," ಎನ್ನುತ್ತಾ ಕೋಲು ತೆಗೆದುಕೊಂಡು ಮೆಟ್ಟಿಲೇರಿದರು.

ಉಮಾಮಹೇಶ್ವರಿ ಹೊರಗೆ ಬಂದರು.

ಇಸಾಕ್ ಸಾಬರು ಗೇಟಿನ ಪಕ್ಕದ ಕಟ್ಟೆಯ ಮೇಲೆ ಕೂತಿದ್ದರು. ಬಿಳಿ ಗಡ್ಡ, ಮೊಣಕೈವರೆಗೆ ಮಡಿಸಿದ ಅಂಗಿ, ಪಕ್ಕದಲ್ಲಿ ಹತಾರದ ಚೀಲ. ಒಳಗೆ ಬನ್ನಿ ಎಂದು ಬೆಳಿಗ್ಗೆಯೇ ಕರೆದಾಗ ಅವರು, "ಮಗನ ಹೆಸ್ರು ತೊಳೆದ್ ಮೇಲೆ ಬರ್ತೀನಮ್ಮ. ಅಲ್ಲೀವರ್ಗೂ ನಾನೇ ನಿಲ್ಸಿದ ಬಾಗಿಲು ದಾಟಕ್ಕೆ ನಂಗೇ ಮುಖ ಇಲ್ಲ," ಅಂದಿದ್ದರು.

"ಸಾಬ್ರೇ, ಊಟ ಆಯ್ತಾ?"

"ಅಮೀನಾ ಒಲೆ ಹಚ್ಚಿಲ್ಲ ಅಮ್ಮ. ಅವ್ನು ಬರ್ಲಿ, ಒಟ್ಟಿಗೆ ಉಣ್ತೀವಿ."

ಅಮೀನಾ ಬೀ ಅವರ ಹೆಂಡತಿ. ಬೆಳಿಗ್ಗೆ ಠಾಣೆಯ ಹೊರಗೆ ನಿಂತು ಉಮಾಮಹೇಶ್ವರಿಯವರನ್ನು ನೋಡಿದ್ದರು. ಬೈದಿರಲಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಉಮಾಮಹೇಶ್ವರಿ ಕಟ್ಟೆಯ ಮೇಲೆ ಅವರ ಪಕ್ಕ ಕೂತರು. "ಸಾಬ್ರೇ, ಆ ಮೆಟ್ಟಿಲ ಕೆಳಗಿನ ಡ್ರಾಯರ್ ಕೂಡಿಸಿದ್ದು ಅಫ್ತಾಬ್. ಸರಿ ತಾನೇ?"

"ಹೌದು. ಭಾನುವಾರ ರಜಾ ಇದ್ದಾಗ ಬರ್ತಿದ್ದ. ಕೂಡಿಸಿದ್ದು ಅವ್ನು, ಅಳತೆ ಕೊಟ್ಟಿದ್ದು ನಾನು."

"ಮೆಟ್ಟಿಲು ಎರಡು ಮೊಳ. ಡ್ರಾಯರು ಒಂದೂವರೆ ಮೊಳ."

ಸಾಬರು ಚೀಲದ ಬಾಯಿಯ ದಾರವನ್ನು ಬಿಚ್ಚಿದರು, ಮತ್ತೆ ಕಟ್ಟಿದರು.

"ನೀವು ಗೇಣು ಜಾಗ ಸುಮ್ನೆ ಬಿಡೋ ಆಳಲ್ಲ. ಹಿಂದೆ ಏನಿದೆ?"

"ಅದನ್ನ ನನ್ನ ಕೇಳ್ಬೇಡಿ ಅಮ್ಮ."

"ಮಗ ಒಳಗವ್ನೆ ಸಾಬ್ರೇ!"

"ಗೊತ್ತು." ಅವರು ಚೀಲವನ್ನು ಮಡಿಲಿಗೆ ಎಳೆದುಕೊಂಡರು. "ನಂಗ್ ಗೊತ್ತಿಲ್ವಾ ಅಮ್ಮ? ಬೆಳಿಗ್ಗೆಯಿಂದ ಅದೇ ಅಲ್ವಾ ಅರೀತಾ ಇರೋದು? ನಮ್ ಉಸ್ತಾದ್ ಉಳಿ ಹಿಡಿಯೋದು ಕಲ್ಸೋಕ್ ಮುಂಚೆ ಇದನ್ನ ಕಲ್ಸಿದ್ರು. ಗುಪ್ತದ ಗೂಡು ಯಾರ್ ಮಾಡ್ಸಿದ್ರೋ ಅವ್ರಿಗೆ ಮಾತ್ರ ತೋರ್ಸು. ಇನ್ನೊಬ್ರ ಮುಂದೆ ಬಾಯಿ ಬಿಡ್ಬೇಡ, ಕಟ್ಕೊಂಡ ಹೆಂಡ್ತಿ ಮುಂದೇನೂ. ಹೆಣ್ಮಕ್ಳು ನಂಬಿ ಕೇಳ್ತಾರೆ ಅಮ್ಮ. ಗಂಡನ ಹತ್ರ ಕೇಳಕ್ಕಾಗದ್ದನ್ನ ಬಡಗಿ ಹತ್ರ ಕೇಳ್ತಾರೆ. ಒಂದ್ ಸಲ ನಾನು ಬಾಯಿ ಬಿಟ್ರೆ, ನಾಳೆ ಯಾವ ಮನೆ ಅಡುಗೆಮನೆಗೆ ನನ್ನ ಕರೀತಾರೆ?"

"ಅಡುಗೆಮನೆಗೆ," ಎಂದರು ಉಮಾಮಹೇಶ್ವರಿ.

ಸಾಬರು ತಲೆ ತಗ್ಗಿಸಿದರು. ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವಂತಿರಲಿಲ್ಲ.

"ನೀವೇನೂ ಹೇಳಿಲ್ಲ ಸಾಬ್ರೇ. ಮೆಟ್ಟಿಲ ಆಚೆ ಗೋಡೆ ಯಾವ್ದು ಅಂತ ನೋಡಕ್ಕೆ ನಂಗೂ ಕಣ್ಣಿದೆ."

ಅಡುಗೆಮನೆಯಲ್ಲಿ ಸೊಸೆ ಇಂಪನಾ ಕಾಯಿ ತುರಿಯುತ್ತಿದ್ದಳು. ಸಣ್ಣ ಮೈಕಟ್ಟು, ರಕ್ತ ಕಾಣದ ಮುಖ. ಉಮಾಮಹೇಶ್ವರಿಯವರನ್ನು ಕಂಡು ನಕ್ಕಳು. ನಗು ಬೇಗ ಮುಗಿಯಿತು.

"ಒಂದ್ ಲೋಟ ನೀರು ಕೊಡಮ್ಮ."

ನೀರಿನ ಫಿಲ್ಟರು ಕಟ್ಟೆಯ ಆ ತುದಿಯಲ್ಲಿತ್ತು. ಎರಡು ಹೆಜ್ಜೆ ಇಟ್ಟಿದ್ದರೆ ಸಾಕಿತ್ತು. ಆದರೆ ಇಂಪನಾ ಹೆಜ್ಜೆ ಕದಲಿಸಲಿಲ್ಲ. ಸೊಂಟ ಬಗ್ಗಿಸಿ, ಕೈ ಚಾಚಿ, ಮುಂಗಾಲ ಮೇಲೆ ನಿಂತು ಲೋಟ ತುಂಬಿಸಿದಳು. ನೀರು ಕಟ್ಟೆಯ ಮೇಲೆಲ್ಲ ಚೆಲ್ಲಿತು.

"ಅಲ್ಲಿಂದ ಒಂಚೂರು ಆಚೆ ನಿಂತ್ಕೋ ಮಗಳೇ."

"ಯಾಕ್ ಆಂಟಿ?"

"ಸುಮ್ನೆ."

ಇಂಪನಾಳ ಕೈಯಲ್ಲಿದ್ದ ಕಾಯಿ ಹೋಳು ಪಾತ್ರೆಗೆ ಬಿತ್ತು. ಅವಳು ಪಕ್ಕಕ್ಕೆ ಸರಿದಳು. ಉಮಾಮಹೇಶ್ವರಿ ಕಟ್ಟೆಯ ತಳದ ಪಟ್ಟಿಯನ್ನು ಕಾಲ್ಬೆರಳಿನಿಂದ ಒತ್ತಿದರು.

ಚಿಟಕ್.

ಹೊರಗೆ ಬಂದ ತಟ್ಟೆಯಂಥ ಡ್ರಾಯರಿನಲ್ಲಿ ಸಣ್ಣದೊಂದು ಕಾವಲಿ, ಮೆಣಸಿನ ಪುಡಿಯ ಪೊಟ್ಟಣ, ಊದುಬತ್ತಿ ಕಟ್ಟು, ಟವೆಲ್ಲಿನ ಮೇಲೆ ಜೋಪಾನವಾಗಿ ಜೋಡಿಸಿದ ಮೊಟ್ಟೆಗಳು.

ಒಂದು ಕ್ಷಣ ಉಮಾಮಹೇಶ್ವರಿಗೆ ನಗು ಬಂತು. ಲಿಂಗ ಕಟ್ಟಿಕೊಂಡವರ ಮನೆ. ಸಿದ್ದಲಕ್ಷ್ಮಮ್ಮನವರು ಈರುಳ್ಳಿಯನ್ನೂ ಸೋಮವಾರ ಮುಟ್ಟದವರು.

"ಹೋದ್ ವರ್ಷ ಮಗು ನಿಲ್ಲಲಿಲ್ಲ ಆಂಟಿ," ಇಂಪನಾ ಪಿಸುದನಿಯಲ್ಲಿ ಹೇಳಿದಳು. "ರಕ್ತ ಕಮ್ಮಿ ಐತೆ, ದಿನಾ ಒಂದ್ ಮೊಟ್ಟೆ ತಿನ್ಲೇಬೇಕು ಅಂದ್ರು ಡಾಕ್ಟ್ರು. ಅತ್ತೆಗೆ ಹೆಂಗ್ ಹೇಳೋದು? ಸಾಬ್ರನ್ನ ಕೇಳ್ಕೊಂಡೆ. ಏನಕ್ಕೆ ಅಂತಾನೂ ಕೇಳ್ಲಿಲ್ಲ ಅವ್ರು. ಮಾಡ್ಕೊಟ್ರು."

"ಟವೆಲ್ ಎತ್ತು."

"ಆಂಟಿ..."

"ಎತ್ತಮ್ಮ."

ಟವೆಲ್ಲಿನ ಕೆಳಗೆ ಹಳದಿ ಬಟ್ಟೆಯ ಗಂಟು. ಉಮಾಮಹೇಶ್ವರಿ ಬಿಚ್ಚಿದರು. ಕಾಸುಗಳು ಒಂದರ ಮೇಲೊಂದು ಜಾರಿ ಅಂಗೈ ತುಂಬಿದವು.

ಅವರು ಬಗ್ಗಿ ಡ್ರಾಯರಿನ ಗೂಡಿನೊಳಗೆ ಮೊಬೈಲಿನ ಟಾರ್ಚ್ ಬಿಟ್ಟರು. ಅತ್ತೆಯ ಡ್ರಾಯರಿಗೂ ಸೊಸೆಯ ಡ್ರಾಯರಿಗೂ ನಡುವೆ ಒಂದೇ ಒಂದು ಪ್ಲೈವುಡ್ ಹಲಗೆ. ಅದು ಮೇಲಿನವರೆಗೆ ಮುಟ್ಟಿರಲಿಲ್ಲ. ರೇಷ್ಮೆಗೆ ಬೂಸಲು ಹಿಡಿಯದಿರಲಿ ಎಂದು ಗಾಳಿಯಾಡಲು ಸಾಬರು ಮೂರು ಬೆರಳಷ್ಟು ಸಂದು ಬಿಟ್ಟಿದ್ದರು. ಮುಚ್ಚಿದ ಕಪಾಟಿನಲ್ಲೆಲ್ಲ ಹಾಗೆ ಬಿಡುವುದು ಅವರ ಪದ್ಧತಿ. ಸೀರೆಯ ರಾಶಿಯ ಮೇಲಿದ್ದ ಗಂಟು, ಡ್ರಾಯರನ್ನು ಜೋರಾಗಿ ನೂಕಿದಾಗ ಆ ಸಂದಿನಿಂದ ಈಚೆ ಉರುಳಿತ್ತು. ಬೇರೆ ಯಾವ ಮನೆಯಲ್ಲಾದರೂ, "ತುಂಬಾ ಎತ್ತರಕ್ಕೆ ಪೇರಿಸಬೇಡಿ, ಹಿಂದೆ ಇನ್ನೊಂದು ಗೂಡಿದೆ," ಎಂದು ಒಂದು ಮಾತು ಹೇಳಿಬಿಡುತ್ತಿದ್ದರು. ಇಲ್ಲಿ ಹೇಳುವಂತಿರಲಿಲ್ಲ. ಅತ್ತೆಯದು ಸೊಸೆಗೆ ಗೊತ್ತಿಲ್ಲ, ಸೊಸೆಯದು ಅತ್ತೆಗೆ ಗೊತ್ತಿಲ್ಲ. ಇಬ್ಬರಿಗೂ ಮಾತು ಕೊಟ್ಟ ಬಡಗಿ, ಇಬ್ಬರ ಗುಟ್ಟನ್ನೂ ಒಂದೇ ಹಲಗೆಗೆ ಆನಿಸಿ ಇಟ್ಟಿದ್ದ.

"ಯಾವಾಗ ನೋಡ್ದೆ ಇದನ್ನ?"

"ಕಳೆದು ಹೋಯ್ತು ಅಂತ ಅತ್ತೆ ಕೂಗಾಡಿದ್ ದಿನಾನೇ. ಕಾವಲಿ ತೆಗೆಯಕ್ಕೆ ಹೋದೆ, ಮೊಟ್ಟೆ ಮೇಲೆ ಬಿದ್ದಿತ್ತು. ಒಂದು ಒಡೆದಿತ್ತು." ಇಂಪನಾ ಸೆರಗಿನಿಂದ ಬಾಯಿ ಒತ್ತಿಕೊಂಡಳು. "ಅತ್ತೆಗೆ ಎಲ್ಲಾ ಗೊತ್ತಾಗೋಗಿದೆ, ನನ್ನ ಸಿಕ್ಕಾಕ್ಸಕ್ಕೆ ಅವ್ರೇ ತಂದಿಟ್ಟವ್ರೆ ಅಂದ್ಕೊಂಡೆ ಆಂಟಿ. ದೇವ್ರಾಣೆ. ವಾಪಸ್ ಕೊಡೋಣ ಅಂದ್ರೆ ಎಲ್ಲಿ ಸಿಕ್ತು ಅಂತ ಕೇಳ್ತಾರೆ. ಇವತ್ತು ಹೇಳ್ತೀನಿ, ನಾಳೆ ಹೇಳ್ತೀನಿ ಅನ್ನೋದ್ರೊಳಗೆ ಪೊಲೀಸ್ ಬಂದ್ರು. ಆಮೇಲೆ ಅಫ್ತಾಬ್..."

"ಅಫ್ತಾಬ್‌ನ ಕರ್ಕೊಂಡೋದ್ ಮೇಲೂ ನೀನು ಸುಮ್ನಿದ್ದೆ."

"ಬೆಳಿಗ್ಗೆಯಿಂದ ಒಂದ್ ತುತ್ತು ಒಳಗೆ ಇಳಿದಿಲ್ಲ ಆಂಟಿ."

"ನಿಂಗೆ ಇಳೀಲಿಲ್ಲ. ಅವನಿಗೆ ಯಾರಾದ್ರೂ ಕೊಟ್ಟವ್ರೋ ಇಲ್ವೋ!"

ಹೇಳಿದ ಮೇಲೆ ಉಮಾಮಹೇಶ್ವರಿಗೆ ತಮ್ಮ ದನಿಯೇ ಕೆಟ್ಟದಾಗಿ ಕೇಳಿಸಿತು. ಇವಳು ಹೆದರಿ ಬಾಯಿ ಮುಚ್ಚಿಕೊಂಡಳು. ತಾನೋ, ಯಾರೂ ಕೇಳದೆ ಬಾಯಿ ಬಿಟ್ಟವಳು. ಇವಳನ್ನು ಗದರಿಸುವ ಹಕ್ಕು ತನಗೆಲ್ಲಿಯದು?

ಆಗ ಗೋಡೆಯ ಆಚೆಯಿಂದ ಮೆಟ್ಟಿಲಿಳಿಯುವ ಸದ್ದು ಬಂತು. ಒಂದೊಂದೇ ಹೆಜ್ಜೆ. ನಡುವೆ ಕೋಲಿನ ಟಕ್ ಟಕ್.

ಇಂಪನಾ ಡ್ರಾಯರನ್ನು ಕಾಲಿನಿಂದ ನೂಕಲು ಹೋದಳು. ಉಮಾಮಹೇಶ್ವರಿ ತಮ್ಮ ಪಾದ ಅಡ್ಡ ಇಟ್ಟರು.

"ಆಂಟಿ, ನಿಮ್ ದಮ್ಮಯ್ಯ!"

"ನೀನೇ ಹೇಳು ಮಗಳೇ. ನಾನು ಆಡಿದ ಮಾತು ಒಬ್ಬನ್ನ ಒಳಗೆ ಹಾಕಿರೋದು ಸಾಕು."

ಸಿದ್ದಲಕ್ಷ್ಮಮ್ಮ ಬಾಗಿಲಲ್ಲಿ ನಿಂತರು. "ಆ ಹಾಳಾದ ಕೋತಿ ಎರಡು ಕೊಬ್ಬರಿ ಗಿಟುಕು..." ಮಾತು ಅಲ್ಲಿಗೇ ನಿಂತಿತು. ಅವರ ಕಣ್ಣು ಮೊದಲು ಹೋದದ್ದು ಉಮಾಮಹೇಶ್ವರಿಯವರ ಕೈಯಲ್ಲಿ ಹೊಳೆಯುತ್ತಿದ್ದ ಬಂಗಾರದ ಕಡೆಗಲ್ಲ, ನೆಲದ ಕಡೆಗೆ.

"ಏನೇ ಇದು?"

"ಮೊಟ್ಟೆ ಅತ್ತೆ."

"ಮೊಟ್ಟೆ ಅಂತ ನಂಗೂ ಕಾಣ್ತೈತೆ. ಕೋಳಿ ತಾನಾಗ್ ಬಂದು ಇಟ್ಟೋಗಿಲ್ಲ ಅಂತಾನೂ ಗೊತ್ತು. ನಮ್ ಮನೆ ಅಡುಗೆ ಕಟ್ಟೆ ಕೆಳಗೆ ಯಾಕೈತೆ ಅಂತ ಕೇಳ್ದೆ."

ಇಂಪನಾ ಹೇಳಿದಳು. ಡಾಕ್ಟರು ಹೇಳಿದ್ದು, ಅತ್ತೆ ಚೇಳೂರಿನ ತೋಟಕ್ಕೆ ಹೋದಾಗ ಮಾಡಿಕೊಂಡು ತಿನ್ನುತ್ತಿದ್ದದ್ದು, ಆಮೇಲೆ ಊದುಬತ್ತಿ ಹಚ್ಚುತ್ತಿದ್ದದ್ದು. ಗಂಟು ಸಿಕ್ಕಿದ್ದನ್ನು ಹೇಳುವಾಗ ಅವಳ ದನಿ ಕೇಳಿಸದಷ್ಟು ಸಣ್ಣದಾಯಿತು. ಅದು ಮೆಟ್ಟಿಲ ಕೆಳಗಿನಿಂದ ಸಂದಿನಲ್ಲಿ ಉರುಳಿ ಬಂದ ಬಗೆಯನ್ನು ಉಮಾಮಹೇಶ್ವರಿ ತೋರಿಸಿದರು.

"ನಿನ್ ಗಂಡಂಗೆ, ನಮ್ ಶಿವಮೂರ್ತಿಗೆ ಗೊತ್ತಾ?"

"ಮೊಟ್ಟೆ ವಿಷ್ಯ ಗೊತ್ತು. ಅವ್ರೇ ತರೋದು. ಹಿರೇಹಳ್ಳಿ ಕೆಲಸದಿಂದ ಬರ್ತಾ, ಟಿಫನ್ ಕ್ಯಾರಿಯರ್ ಒಳಗೆ. ಸರದ ವಿಷ್ಯ ಅವ್ರಿಗೂ ಹೇಳಿಲ್ಲ."

"ಅದಕ್ಕೇ ಏನು, ಊಟ ಮುಗಿದ ಕ್ಯಾರಿಯರ್‌ನ ಕೂಸು ಎತ್ಕೊಂಡಂಗೆ ಎತ್ಕೊಂಡ್ ಬರ್ತಿದ್ದಿದ್ದು ಅವ್ನು!"

ಸಿದ್ದಲಕ್ಷ್ಮಮ್ಮ ಕೋಲನ್ನು ಗೋಡೆಗೆ ಆನಿಸಿ ಅಲ್ಲೇ ನೆಲದ ಮೇಲೆ ಕೂತುಬಿಟ್ಟರು.

"ನಂಗೆ ಹೇಳಿದ್ರೆ ಬ್ಯಾಡ ಅಂತಿದ್ನೇನೇ?"

ಇಂಪನಾ ಕಟ್ಟೆಯ ಮೇಲೆ ಚೆಲ್ಲಿದ್ದ ನೀರನ್ನು ಒರೆಸತೊಡಗಿದಳು.

"ಅಂತಿದ್ದೆ," ಎಂದರು ಸಿದ್ದಲಕ್ಷ್ಮಮ್ಮ, ತಮಗೆ ತಾವೇ. "ಬುಡು. ಅಂತಿದ್ದೆ." ಆಮೇಲೆ ಕೈ ಚಾಚಿದರು. ಉಮಾಮಹೇಶ್ವರಿ ಸರವನ್ನು ಅವರ ಮಡಿಲಿಗೆ ಹಾಕಿದರು. ಮುದುಕಿ ಅದನ್ನು ತಿರುಗಿಸಿ ಹಿಂದಿನ ಕೊಂಡಿ ಹುಡುಕಿದರು. "ಕೊಂಡಿ ಸವೆದು ಜಾರ್ತಿತ್ತು ಅಂತ ಕೆಂಪು ದಾರ ಸುತ್ತಿದ್ದೆ. ಇಲ್ಲೇ ಐತೆ ನೋಡಿ. ನಮ್ಮವ್ವಂದೇ ಇದು. ಇವಳಿಗೊಂದು ಮಗು ಆಗ್ಲಿ, ಬಾಣಂತಿ ಕೊರಳಿಗೆ ನಾನೇ ಹಾಕೋಣ ಅಂತ ಮುಚ್ಚಿಟ್ಟಿದ್ದೆ. ಈಗ್ಲೇ ಕೈಗೆ ಕೊಟ್ರೆ ಬ್ಯಾಂಕಿಗೆ ಇಟ್ಟು ಕಾರು ತಗೊಂತಾರೆ ಅಂತ."

"ಅತ್ತೆ!"

"ಇನ್ನೇನು ಮತ್ತೆ? ನೀನ್ ಮುಚ್ಚಿಡ್ಬೋದು, ನಾನ್ ಮುಚ್ಚಿಡಬಾರದಾ?"

ಅತ್ತೆ ಸೊಸೆ ಇಬ್ಬರೂ ಅಳುವುದಕ್ಕೂ ನಗುವುದಕ್ಕೂ ನಡುವೆ ಎಲ್ಲೋ ಸಿಕ್ಕಿಕೊಂಡಿದ್ದರು. ಉಮಾಮಹೇಶ್ವರಿ ಮೊಬೈಲು ಕೈಗೆ ತೆಗೆದುಕೊಂಡರು.

"ಆ ಹುಡುಗ ಪಾಪ," ಎಂದರು ಸಿದ್ದಲಕ್ಷ್ಮಮ್ಮ ಇದ್ದಕ್ಕಿದ್ದಂತೆ. "ಗೃಹಪ್ರವೇಶದ ದಿನ ಬಾಳೆಎಲೆ ಮುಂದೆ ಕೂತು ಹೋಳಿಗೆ ಕೇಳಿ ಹಾಕಿಸ್ಕೊಂಡ. ಮೇಡಮ್ಮ, ಕಂಪ್ಲೇಂಟಲ್ಲಿ ನಾನು ಯಾರ ಹೆಸ್ರೂ ಬರೆಸಿರ್ಲಿಲ್ಲ ಕಣಮ್ಮ. ಕಟ್ಟಿದೋರ್ನ ಕೇಳಿ ಅಂದಿದ್ದು ನೀವು."

"ಹೌದು. ನಾನೇ."

ಅನುಭವದ ಮಾತು ಎಂದುಕೊಂಡು ಆಡಿದ್ದು. ಎಷ್ಟೋ ಕೇಸುಗಳಲ್ಲಿ ನಿಜವಾದ ಮಾತು. ಇನ್ನೊಂದು ಸಲ ಕೈ ಹಾಕಿ, ಮೂಸಿ, ಅಳೆದು ನೋಡುವ ತಾಳ್ಮೆ ಮೊನ್ನೆಯೇ ಇದ್ದಿದ್ದರೆ, ಇವತ್ತು ಆ ಹುಡುಗ ಶಿಫ್ಟು ಮುಗಿಸಿ ಮನೆಗೆ ಹೊರಡುತ್ತಿದ್ದ. ಠಾಣೆಯ ಬೆಂಚಿನಿಂದ ಎದ್ದು ಬಂದ ಮೇಲೆ ಫ್ಯಾಕ್ಟರಿ ಗೇಟಿನಲ್ಲಿ ನೋಡಿದವರ ಕಣ್ಣುಗಳಿಗೆ ಅವನೇನು ಉತ್ತರ ಹೇಳಬೇಕು? ತಾನೇ ಅವನ ಜತೆ ಆ ಗೇಟಿಗೆ ಹೋಗಿ ನಿಂತು ಎಲ್ಲರಿಗೂ ಹೇಳುತ್ತೇನೆ ಎಂದು ಉಮಾಮಹೇಶ್ವರಿ ಮನಸ್ಸಿನಲ್ಲೇ ನಿಶ್ಚಯಿಸಿದರು. ಅಮೀನಾ ಬೀ ಅವರ ಕಾಲು ಮುಟ್ಟಬೇಕಾದರೂ ಸರಿ.

ಅವರು ಅಂಜನ್ ನಂಬರು ಒತ್ತುವ ಮೊದಲೇ ಫೋನು ರಿಂಗಾಯಿತು. ಅಂಜನ್‌ನದೇ.

"ಮೇಡಂ, ಮೊದ್ಲು ನಿಮಗೇ ಹೇಳೋಣ ಅಂತ ಮಾಡ್ದೆ," ಎಂದ. ದನಿಯಲ್ಲಿ ಹುರುಪು. "ನೀವ್ ಹೇಳಿದ್ದೇ ಕರೆಕ್ಟು."

"ಅಂಜನ್, ಮೊದ್ಲು ನನ್ನ ಮಾತು ಕೇಳು. ಹುಡುಗನ್ನ ಬಿಟ್ಬಿಡು. ಸರ..."

"ಸರ ಸಿಕ್ತು ಮೇಡಂ!"

"ಏನು?"

"ಸಿಕ್ತು ಅಂದೆ. ಅಫ್ತಾಬ್ ಒಪ್ಕೊಂಡ. ಹೊಡೆದಿಲ್ಲ ಬಡಿದಿಲ್ಲ, ಮಧ್ಯಾಹ್ನ ಅವ್ನ ಬ್ಯಾಗ್ ನೋಡಕ್ಕೆ ಹೋದಾಗ, ತಾನಾಗೇ, ಬ್ಯಾಗು ಗೀಗು ನೋಡ್ಬೇಡಿ ಸಾರ್, ಎಲ್ಲಿದೆ ಅಂತ ಹೇಳ್ತೀನಿ ಅಂದ. ನೀರ್ ಕುಡ್ಸಿ ಕೂರ್ಸಿ ಕೇಳ್ದೆ. ಕುಣಿಗಲ್‌ನಲ್ಲಿ ಒಂದ್ ಮನೆ. ಕೆರೆ ಏರಿಗೆ ಹತ್ರ. ಮನೆಯೋರು ಊರಲ್ಲಿಲ್ಲ, ಬೀಗ. ಕೀಲಿ ಪಕ್ಕದ ಮನೇಲಿತ್ತು. ನಡುಮನೆ ಬಾಗಿಲ ಮೇಲೆ ಒಂದು ಸುಳ್ಳು ಹಲಗೆ ಐತೆ ಮೇಡಂ, ಒತ್ತಿದ್ರೆ ತೆರ್ಕೊಳ್ಳತ್ತೆ. ಅದ್ರೊಳಗೆ ಬಟ್ಟೇಲಿ ಸುತ್ತಿ ಇಟ್ಟಿತ್ತು. ನಮ್ ಹುಡುಗರು ಈಗ್ತಾನೆ ಫೋಟೋ ಕಳ್ಸಿದ್ರು."

"ಕಾಸಿನ ಸರಾನೇ? ಚೆನ್ನಾಗಿ ನೋಡ್ದ್ಯಾ?"

"ಬೇರೆ ಯಾವ್ದಿರುತ್ತೆ ಮೇಡಂ? ಫೋಟೋ ಕಳಿಸ್ತೀನಿ, ಆ ಅಮ್ಮನ ಹತ್ರ ಗುರುತು ಮಾಡ್ಸಿ. ನಾನು ಹೆಸರು ಸೇರಿಸ್ತಾ ಇದೀನಿ."

ಇಲ್ಲಿ ಸಿಕ್ಕ ಸರದ ಮಾತು ಎತ್ತುವ ಮೊದಲೇ ಫೋನು ಕಟ್ಟಾಯಿತು. ಕೂಡಲೇ ಫೋಟೋ ಬಂತು. ಹಳೆಯ ಅಂಗಿಯ ತುಂಡಿನ ಮೇಲೆ ಹರಡಿದ ಕಾಸಿನ ಸರ. ಇದಕ್ಕಿಂತ ತೆಳು, ಆದರೆ ಹಳೆಯ ಕೆಲಸ. ಕೊಂಡಿ ಹೊಸದು. ಕೆಂಪು ದಾರದ ಸುಳಿವಿಲ್ಲ.

ಉಮಾಮಹೇಶ್ವರಿ ಮೊಬೈಲನ್ನು ಸಿದ್ದಲಕ್ಷ್ಮಮ್ಮನವರ ಮುಂದೆ ಹಿಡಿದರು. ಮುದುಕಿ ಕನ್ನಡಕ ಏರಿಸಿ ನೋಡಿದರು. ಮಡಿಲಲ್ಲಿದ್ದುದನ್ನು ಮುಟ್ಟಿಕೊಂಡರು. ಮತ್ತೆ ಫೋಟೋ ನೋಡಿದರು.

"ನಂದು ಇಲ್ಲೇ ಐತೆ," ಎಂದರು ನಿಧಾನವಾಗಿ. "ಹಂಗಾರೆ ಇದ್ಯಾರ್ದಮ್ಮ?"

ಯಾರೂ ಕಳೆದುಕೊಂಡೆ ಎಂದು ಹೇಳದ ಸರ. ಯಾವ ಠಾಣೆಯಲ್ಲೂ ದೂರಿಲ್ಲದ ಸರ. ಅದು ಎಲ್ಲಿದೆ ಎಂದು ಒಬ್ಬ ಹುಡುಗನಿಗೆ ಗೊತ್ತಿತ್ತು. ತಾನೇ ಇಟ್ಟೆ ಎಂದು ಒಪ್ಪಿಕೊಂಡಿದ್ದ.

ಒಂದು ನಿಮಿಷದ ಹಿಂದೆ ಉಮಾಮಹೇಶ್ವರಿ ಅವನ ಅಮ್ಮನ ಕಾಲು ಮುಟ್ಟಲು ಸಿದ್ಧರಾಗಿದ್ದರು. ಈಗ ಮೊನ್ನೆಯ ತಮ್ಮ ಮಾತು ಸರಿಯಾಗಿದ್ದರೆ ಸಾಕು ಎಂದು ಮನಸ್ಸಿನ ಒಂದು ಮೂಲೆ ಹಾರೈಸುತ್ತಿತ್ತು. ಆ ಹಾರೈಕೆಯನ್ನು ಕಂಡು ಅವರಿಗೆ ತಮ್ಮ ಮೇಲೇ ಹೇಸಿಗೆಯಾಯಿತು.

ಅಂಜನ್‌ಗೆ ಮತ್ತೆ ಫೋನು ಮಾಡುವ ಮೊದಲು ಸಾಬರನ್ನು ಒಂದು ಮಾತು ಕೇಳಬೇಕೆಂದು ಅವರು ಹೊರಗೆ ನಡೆದರು.

ಅಡುಗೆಮನೆಯ ಕಿಟಕಿಯಿಂದ ಮಾತು ಬಿಡಿಬಿಡಿಯಾಗಿ ಹೊರಗೆ ಕೇಳಿಸಿರಬೇಕು. ಇಸಾಕ್ ಸಾಬರು ಕಟ್ಟೆಯಿಂದ ಎದ್ದು ನಿಂತಿದ್ದರು. ಹತಾರದ ಚೀಲ ಆಗಲೇ ಹೆಗಲೇರಿತ್ತು. ಮುಖದಲ್ಲಿ ಬೆಳಿಗ್ಗೆಯಿಂದ ಇಲ್ಲದ ಕಳೆ.

"ಸರ ಸಿಕ್ತು ಅಂದಂಗಾಯ್ತು! ಏನಂದ್ರಮ್ಮ ಸಾಹೇಬ್ರು? ಬುಟ್ರಂತಾ ನಮ್ಮುಡುಗನ್ನ?"

"ಸಾಬ್ರೇ," ಉಮಾಮಹೇಶ್ವರಿ ಅವರ ಕಣ್ಣು ತಪ್ಪಿಸಿ ಗೇಟಿನ ಚಿಲಕ ನೋಡಿದರು. "ಕುಣಿಗಲ್‌ನಲ್ಲಿ ಕೆರೆ ಏರಿ ಹತ್ರ ಒಂದು ಮನೆ. ನಡುಮನೆ ಬಾಗಿಲ ಮೇಲೆ ಒಂದು ಗೂಡಿದೆಯಂತೆ. ಅಫ್ತಾಬ್ ಅದನ್ನ ಯಾವಾಗ ಮಾಡಿದ್ದು?"

ಸಾಬರ ಮುಖದ ಕಳೆ ಒಮ್ಮೆಲೇ ಇಳಿಯಿತು. ಚೀಲ ಹೆಗಲಿನಿಂದ ಜಾರಿ ನೆಲಕ್ಕೆ ಬಿತ್ತು. ಉಳಿ, ಸುತ್ತಿಗೆ ಒಳಗೇ ಒಂದಕ್ಕೊಂದು ಬಡಿದುಕೊಂಡವು. ಅವರು ಬಗ್ಗಿ ಎತ್ತಿಕೊಳ್ಳಲಿಲ್ಲ.

"ಆ ಮನೆ ಹೊಸ್ತಿಲು ಅವ್ನು ತುಳಿದೇ ಇಲ್ಲ ಅಮ್ಮ," ಎಂದರು. "ಆ ಗೂಡು ಮಾಡಿದ್ದು ನಾನು. ನಾನೊಬ್ನೇ. ಮಾಡ್ಸಿದೋರ್ಗೆ ಬಿಟ್ರೆ ಯಾರ್ಗೂ ತೋರ್ಸಿಲ್ಲ. ಅದು ಇರೋದೇ ಅಫ್ತಾಬ್‌ಗೆ ಗೊತ್ತಿರಬಾರದು."